ಬಿಸಿನೀರು ಆರುವ ಮುಂಚೆ

ಗುಬ್ಬಕ್ಕ ಹುಟ್ಟು ಪುಕ್ಕಲಿ. ಅದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಅವಳೇ ಹೇಳಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ಗಾಳಿಗೆ ಬಾಗಿಲು ಬಡಿದರೆ ಸಾಕು, ಹಾರಿಹೋಗಿ ಅಕ್ಕನ ಬೆನ್ನ ಹಿಂದೆ ಕೂರುತ್ತಿದ್ದಳೆಂದು ಅಪ್ಪ ಅವಳನ್ನು ಗುಬ್ಬಿ ಎಂದು ಕರೆದಿದ್ದ. ನಲವತ್ತು ದಾಟಿದ ಮೇಲೆ ಹೆಸರಿಗೊಂದು 'ಅಕ್ಕ' ಅಂಟಿಕೊಂಡಿತೇ ಹೊರತು ಬೆಚ್ಚಿಬೀಳುವುದು ಬಿಡಲಿಲ್ಲ. ಲಿಫ್ಟಿನಲ್ಲಿ ಒಬ್ಬಳೇ ಹೋಗಳು. ಬೀದಿನಾಯಿ ಕಂಡರೆ ರಸ್ತೆ ದಾಟುವಳು. ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆಂದು ಹಲ್ಲುನೋವನ್ನೇ ಮುಚ್ಚಿಡುವಳು. ಅವಳಿಗೆ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ. ಮೆಷಿನ್ನಿನ ಮುಂದೆ ಕೂತು ಉದ್ದನೆಯ ಬಟ್ಟೆಯನ್ನು ಮಡಿಲ ಮೇಲೆ ಹರಡಿಕೊಂಡಾಗ ಮಾತ್ರ ಜೀವಕ್ಕೆ ನೆಮ್ಮದಿ.

ಚರ್ಚಿನಲ್ಲೂ ಅವಳು ಆರಿಸಿಕೊಂಡದ್ದು ಸೂಜಿದಾರದ ಸೇವೆಯನ್ನೇ. ಬಲಿಪೀಠದ ಹೊದಿಕೆ, ಹಾಡುವವರ ನಿಲುವಂಗಿಗಳ ಅಂಚು, ಪ್ರಸಂಗಪೀಠದ ಹಿಂದಿನ ನೀಲಿ ಪರದೆ, ಎಲ್ಲ ಅವಳ ಕೈಯವೇ. ಬೇರೆಯವರು ಜೈಲಿಗೆ, ಆಸ್ಪತ್ರೆಗೆ, ಕುಡುಕರ ಮನೆಗಳಿಗೆ ಹೋಗಿಬಂದ ಕತೆ ಹೇಳುವಾಗ ತಲೆ ತಗ್ಗಿಸಿ ಕೇಳುತ್ತ, ಸದ್ಯ, ನನಗೆ ದೇವರು ಸೂಜಿ ಕೊಟ್ಟ ಎಂದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಆ ಪರದೆಯೇ ಅವಳನ್ನು ಸಿಕ್ಕಿಹಾಕಿಸಿತು.

ಆರಾಧನೆ ಮುಗಿಯುವ ಮುನ್ನ ಪ್ರಕಟಣೆಗಳ ಹೊತ್ತು. ದೊಡ್ಡಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆಂದು ಪಾಸ್ಟರ್ ಅಯ್ಯನವರು ಹೇಳಿದರು. ದೊಡ್ಡಮ್ಮ ಎಂದರೆ ನರ್ಸ್ ಕೆಲಸದಿಂದ ನಿವೃತ್ತಳಾದ ಮುದುಕಿ, ಸಭೆಗೆಲ್ಲ ದೊಡ್ಡಮ್ಮ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಎರಡು ಬೀದಿಯಾಚೆಗಿನ ಒಂದು ಮನೆಗೆ ಹೋಗಿ, ಹಾಸಿಗೆ ಹಿಡಿದ ಮುದುಕನೊಬ್ಬನ ಮೈ ಒರೆಸಿ, ಬೆನ್ನಿನ ಹುಣ್ಣಿಗೆ ಮದ್ದು ಹಚ್ಚಿ ಬರುತ್ತಿದ್ದಳು.

"ಅವರು ಎದ್ದು ಓಡಾಡೋವರೆಗೂ ಆ ಕೆಲಸ ಯಾರಾದರೂ ಕೈಗೆತ್ತಿಕೋಬೇಕು," ಎಂದರು ಅಯ್ಯನವರು. "ಯಾರು ಹೋಗ್ತೀರಿ?"

ಇಡೀ ಸಭೆ ಇದ್ದಕ್ಕಿದ್ದಂತೆ ಭಕ್ತಿಯಿಂದ ತಲೆ ಬಗ್ಗಿಸಿತು. ಆ ಮನೆ ಯಾರಿಗೆ ಗೊತ್ತಿರಲಿಲ್ಲ? ಮುದುಕನ ಮಗನಿಗೆ ತಲೆ ಸರಿಯಿರಲಿಲ್ಲ. ಬೇಸಿಗೆಯಲ್ಲೂ ದಪ್ಪ ಕೋಟು ಹಾಕಿಕೊಂಡೇ ಇರುವ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಆ ಗಂಡಸಿಗೆ ಬೀದಿಯವರು ಕೋಟು ಎಂದೇ ಹೆಸರಿಟ್ಟಿದ್ದರು. ಮೀಟರ್ ನೋಡಲು ಬಂದವನ ಮೇಲೆ ಕುದಿಯುವ ಕೆಟಲ್ ಎಸೆದಿದ್ದ. ಪೊಲೀಸರು ಒಮ್ಮೆ ಹುಚ್ಚಾಸ್ಪತ್ರೆಗೆ ಕರೆದುಕೊಂಡು ಹೋಗಿ ಮತ್ತೆ ತಂದು ಬಿಟ್ಟಿದ್ದರು.

ಆ ಹೊತ್ತಿಗೆ ಸರಿಯಾಗಿ ನೀಲಿ ಪರದೆಯ ಒಂದು ಕೊಕ್ಕೆ ಕಳಚಿ ಮೂಲೆ ಜೋತುಬಿತ್ತು. ಗುಬ್ಬಕ್ಕನ ಕಣ್ಣಿಗೆ ಅದು ಮುಳ್ಳಿನಂತೆ ಚುಚ್ಚಿತು. ಸರಿಮಾಡೋಣವೆಂದು ಸದ್ದಿಲ್ಲದೆ ಎದ್ದು ನಿಂತಳು. ತಲೆ ಬಗ್ಗಿಸಿದ ಸಭೆಯ ನಡುವೆ ನಿಂತಿದ್ದವಳು ಅವಳೊಬ್ಬಳೇ.

"ದೇವರಿಗೆ ಸ್ತೋತ್ರ!" ಎಂದರು ಅಯ್ಯನವರು, ಕಣ್ಣು ತುಂಬಿಕೊಂಡು. "ನಮ್ಮ ಗುಬ್ಬಮ್ಮ!"

ಅಲ್ಲ, ನಾನು ಕೊಕ್ಕೆ ಹಾಕೋಕೆ ಎದ್ದೆ ಎಂದು ಹೇಳಲು ಬಾಯಿ ತೆರೆದಳು. ತಲೆಗಳೆಲ್ಲ ಅವಳತ್ತ ತಿರುಗಿದವು. ಅಷ್ಟು ಜನರ ಮುಂದೆ ಇಲ್ಲ ಎನ್ನುವುದು ಅವಳಿಗೆ ಇನ್ನೂ ದೊಡ್ಡ ಹೆದರಿಕೆ. ಬಾಯಿ ಮುಚ್ಚಿ ಕೂತಳು. ಪಕ್ಕದಲ್ಲಿ ಕೂತಿದ್ದ ಅಕ್ಕ ಅವಳ ತೊಡೆ ಚಿವುಟಿದಳು.

"ನಿನಗೇನು ಹುಚ್ಚಾ?"

"ನಾನೇನೂ ಹೇಳಲಿಲ್ಲ ಕಣೇ."

"ಅದೇ ನಿನ್ನ ರೋಗ!" ಎಂದಳು ಅಕ್ಕ. ಅವಳು ಬೇಕರಿಯ ಕೌಂಟರಿನಲ್ಲಿ ನಿಲ್ಲುವವಳು. ಜಗಳಗಂಟರನ್ನು ಒಂದೇ ಮಾತಿಗೆ ಸಾಲಿಗೆ ನಿಲ್ಲಿಸುವ ಗಂಟಲು. "ಬಾಯಿಲ್ಲದವಳು ಅಂತ ಎಲ್ಲರೂ ನಿನ್ನ ತಲೆಗೇ ಕಟ್ತಾರೆ."

ಮಾರನೆಯ ದಿನ ಆಸ್ಪತ್ರೆಯಲ್ಲಿ ದೊಡ್ಡಮ್ಮ ಮಲಗಿದಲ್ಲಿಂದಲೇ ಪಾಠ ಹೇಳಿದಳು. ಶುದ್ಧವಾದ ಕಡೆಯಿಂದ ಕೊಳೆಯ ಕಡೆಗೆ ಒರೆಸಬೇಕು. ಮಗ್ಗುಲಿಗೆ ಹೊರಳಿಸಿ ಹಳೆಯ ಹಾಸನ್ನು ಅರ್ಧಕ್ಕೆ ಸುತ್ತಿ, ಹೊಸದನ್ನು ಅರ್ಧ ಹಾಸಿ, ಮತ್ತೆ ಈ ಕಡೆ ಹೊರಳಿಸಬೇಕು. ಹುಣ್ಣನ್ನು ಉಜ್ಜಬಾರದು, ಒತ್ತಿ ತೆಗೆಯಬೇಕು. ಕೊನೆಯಲ್ಲಿ, ಬಹಳ ಸಣ್ಣ ವಿಷಯವೆಂಬಂತೆ ಹೇಳಿದಳು: "ಆ ಹುಡುಗನ ಬೆನ್ನ ಹಿಂದೆ ನಿಲ್ಲಬೇಡ. ಅವನ ಕಣ್ಣಿಗೆ ಬೀಳೋ ಹಾಗಿರು. ಏನು ಮಾಡ್ತಿದ್ದೀಯೋ ಅದನ್ನ ಬಾಯಿಬಿಟ್ಟು ಹೇಳ್ತಾ ಇರು."

"ಹೇಳದಿದ್ದರೆ?"

"ಹೇಳು ಅಂದೆನಲ್ಲ!" ಎಂದು ದೊಡ್ಡಮ್ಮ ತನ್ನ ಚೀಲವನ್ನು ಅವಳ ಕೈಗಿತ್ತಳು. ಒಳಗೆ ಮುಲಾಮು, ಗಾಜ್ ಬಟ್ಟೆ, ಹತ್ತಿ, ಒಂದು ಕತ್ತರಿ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಗುಬ್ಬಕ್ಕ ಆ ಕಟ್ಟಡದ ಮೆಟ್ಟಿಲು ಹತ್ತಿದಳು. ಹಾದಿಯುದ್ದಕ್ಕೂ ಯಾವುದಾದರೂ ಅಡ್ಡಿ ಬರಲಿ ಎಂದು ಬೇಡಿಕೊಂಡಿದ್ದಳು. ಬಸ್ಸು ಕೆಡಲಿಲ್ಲ, ಏಕೆಂದರೆ ಬಸ್ಸು ಹತ್ತುವಷ್ಟು ದೂರವೇ ಇರಲಿಲ್ಲ. ಮಳೆ ಬರಲಿಲ್ಲ. ಮೂರನೆಯ ಮಹಡಿಯಲ್ಲಿ ಎದುರುಮನೆಯ ಬಾಗಿಲು ಸರಪಳಿಯಷ್ಟೇ ತೆರೆದು ಹೆಂಗಸೊಬ್ಬಳ ಅರ್ಧ ಮುಖ ಕಂಡಿತು.

"ಒಬ್ಬರೇ ಬಂದಿದ್ದೀರಾ?"

"ಹೌದು."

"ಬಾಗಿಲು ತೆಗೆದಿಟ್ಟುಕೊಂಡೇ ಇರಿ," ಎಂದು ಆ ಹೆಂಗಸು ತನ್ನ ಬಾಗಿಲು ಮುಚ್ಚಿದಳು.

ಗುಬ್ಬಕ್ಕ ಬೆಲ್ ಒತ್ತುವ ಮೊದಲೇ ಈ ಬಾಗಿಲು ತೆರೆದುಕೊಂಡಿತು. ಕೋಟು ನಿಂತಿದ್ದ. ಗಡ್ಡ ಬೆಳೆದ ಉದ್ದ ಮುಖ, ರೆಪ್ಪೆ ಮಿಟುಕಿಸದ ಕಣ್ಣು. ಅವಳನ್ನಲ್ಲ, ಅವಳ ಹಿಂದಿನ ಮೆಟ್ಟಿಲನ್ನು ನೋಡಿದ. ಅವಳು ಒಳಗೆ ಕಾಲಿಟ್ಟದ್ದೇ ತಡ, ಬಾಗಿಲು ಮುಚ್ಚಿ ಬೀಗ ತಿರುಗಿಸಿ ಕೀಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಗುಬ್ಬಕ್ಕ ಚೀಲವನ್ನು ಎದೆಗೆ ಒತ್ತಿಕೊಂಡಳು. ಕೂಗಬೇಕೆಂದುಕೊಂಡಳು, ಕೂಗಿದರೆ ಏನು ಮಾಡುತ್ತಾನೋ ಎಂದು ಕೂಗಲಿಲ್ಲ.

"ಆ ಅಮ್ಮ ಎಲ್ಲಿ?" ಎಂದ ಅವನು. ದನಿ ತೆಳ್ಳಗಿತ್ತು, ಆ ಮೈಗೆ ಹೊಂದದ ದನಿ.

"ಬಿದ್ದು ಸೊಂಟ ಮುರ್ಕೊಂಡಿದ್ದಾರೆ. ಆಸ್ಪತ್ರೇಲಿ—"

"ಆಸ್ಪತ್ರೆಗೆ ಕರ್ಕೊಂಡು ಹೋದ್ರಾ? ಹಾಗಾದ್ರೆ ಸತ್ತಳು."

"ಇಲ್ಲಪ್ಪ, ಬದುಕಿದ್ದಾರೆ. ನಾನೇ ನೋಡಿಬಂದೆ."

"ಯಾರು ಬಾಗಿಲಲ್ಲಿ?" ಒಳಕೋಣೆಯಿಂದ ಒಡಕು ದನಿ ಬಂತು. "ದೆವ್ವವಾದರೂ ಸರಿ, ಬೇಗ ಬಾ! ಬೆನ್ನು ಉರೀತಿದೆ."

ಮುದುಕ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಪಾರ್ಶ್ವವಾಯು ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿತ್ತು. ಅರ್ಧ ಬಾಯಲ್ಲಿ ಮಾತಾಡುತ್ತಿದ್ದ. ಕೋಣೆಯಲ್ಲಿ ಮೂತ್ರದ, ಮುಲಾಮಿನ, ಮುಚ್ಚಿದ ಕಿಟಕಿಯ ವಾಸನೆ. ಮಗನನ್ನು ಕಣ್ಣಲ್ಲೇ ತೋರಿಸಿ ಮುದುಕ ಹೇಳಿದ: "ಬೀಗ ಹಾಕ್ದ ಅಂತ ಹೆದರಬೇಡಮ್ಮ. ಇವನ ತಾಯೀನ ಆಂಬುಲೆನ್ಸಿನವರು ಎತ್ಕೊಂಡು ಹೋದರು, ವಾಪಸ್ ಕಳಿಸಲಿಲ್ಲ. ಅವತ್ತಿನಿಂದ ಯಾರು ಬಂದರೂ ಬೀಗ ಹಾಕ್ತಾನೆ. ನನ್ನನ್ನೂ ಎತ್ಕೊಂಡು ಹೋಗ್ತಾರೆ ಅಂತ ಇವನಿಗೆ ಜೀವಭಯ."

ಆ ಮಾತಿನಿಂದ ಗುಬ್ಬಕ್ಕನಿಗೆ ಸಮಾಧಾನವೇನೂ ಆಗಲಿಲ್ಲ. ಹೆದರಿದ ನಾಯಿಯೇ ಅಲ್ಲವೇ ಕಚ್ಚುವುದು?

ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. "ನೀರಿಡೋದು ಆ ಅಮ್ಮ ಕಲಿಸಿದ್ದಾರೆ," ಎಂದ ಮುದುಕ. "ಆರಿಸೋದು ಮಾತ್ರ ಇವನ ತಲೇಲಿ ನಿಲ್ಲಲ್ಲ. ನೀನೇ ನೋಡ್ಕೋ." ಗುಬ್ಬಕ್ಕ ಗ್ಯಾಸ್ ಆರಿಸಿ, ಬೋಗುಣಿಗೆ ನೀರು ಬಗ್ಗಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಬಿಸಿ ನೋಡಿದಳು. ಬೋಗುಣಿ ಎತ್ತಿಕೊಂಡು ಒಳಕೋಣೆಗೆ ನಡೆದಳು. ಕೋಟು ಹೆಜ್ಜೆಗೆ ಹೆಜ್ಜೆ ಹಿಂಬಾಲಿಸಿದ.

ಮುಖ, ಕತ್ತು, ತೋಳು, ಎದೆ. ಅಲ್ಲಿಯವರೆಗೆ ಹೇಗೋ ನಡೆಯಿತು. ಬೆನ್ನಿಗೆಂದು ಮುದುಕನನ್ನು ಮಗ್ಗುಲಿಗೆ ಹೊರಳಿಸಿದಳು. ಸತ್ತ ಅರ್ಧ ಮೈಯ ಭಾರ ಇಷ್ಟಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹುಣ್ಣಿಗೆ ಅಂಟಿಕೊಂಡಿದ್ದ ಹಳೆಯ ಪಟ್ಟಿ ಚರ್ಮ ಎಳೆದದ್ದಕ್ಕೆ ಮುದುಕ ಕಿಟಾರನೆ ಕಿರುಚಿದ.

ಅವಳು ತಲೆಯೆತ್ತುವಷ್ಟರಲ್ಲಿ ಕೋಟು ಮಂಚದ ಆಚೆ ಬದಿಗೆ ಬಂದಿದ್ದ. ಚೀಲದಲ್ಲಿದ್ದ ಕತ್ತರಿ ಅವನ ಮುಷ್ಟಿಯಲ್ಲಿತ್ತು, ಮೊನೆ ಅವಳ ಕಡೆಗೆ.

"ಕೈ ತೆಗಿ."

"ಲೇ, ಬಿಡೋ! ಏನಾಗಿಲ್ಲ ನನಗೆ!" ಮುದುಕ ಮಗ್ಗುಲಾಗಿದ್ದಲ್ಲಿಂದಲೇ ಒದರಿದ.

"ಕೈ ತೆಗಿ ಅಂದೆ."

ಗುಬ್ಬಕ್ಕನ ಒಂದು ಕೈ ಮುದುಕನ ಭುಜಕ್ಕೆ, ಇನ್ನೊಂದು ಸೊಂಟಕ್ಕೆ ಆತುಕೊಂಡಿತ್ತು. ಬಿಟ್ಟರೆ ಅವನು ಉರುಳಿ ನೆಲಕ್ಕೆ ಬೀಳುವವನೇ. ಓಡಲು ಬಾಗಿಲಿಗೆ ಬೀಗ. ಪ್ರಾರ್ಥನೆ ಮಾಡಬೇಕೆಂದುಕೊಂಡಳು. ಬಾಯಿಪಾಠವಿದ್ದ ಪ್ರಾರ್ಥನೆಗಳೆಲ್ಲ ಎಲ್ಲಿಗೋ ಹಾರಿಹೋಗಿದ್ದವು; ಕರ್ತನೇ ಎಂಬ ಒಂದು ಪದ ಕೂಡ ನಾಲಿಗೆಗೆ ಬರಲಿಲ್ಲ. ಬಂದದ್ದು ದೊಡ್ಡಮ್ಮ ಹೇಳಿಕೊಟ್ಟದ್ದು ಮಾತ್ರ.

"ಕೈ ತೆಗೆದರೆ ಅಪ್ಪ ಬೀಳ್ತಾರೆ," ಎಂದಳು. ದನಿ ಅವಳದೇ ಎನ್ನಿಸಲಿಲ್ಲ. "ನಾನು ಹಿಡ್ಕೊಂಡಿದ್ದೀನಿ. ಈ ಪಟ್ಟಿ ಅಂಟಿಬಿಟ್ಟಿದೆ. ನೀರು ಹಾಕಿ ನೆನೆಸ್ತೀನಿ. ನೋಡು, ನೆನೀತಿದೆ. ಈಗ ಮೆಲ್ಲಗೆ ಬಿಡಿಸ್ತೀನಿ. ಎಳೆಯಲ್ಲ. ಬಂತು. ಈಗ ಬೆನ್ನು ಒರೆಸ್ತೀನಿ..."

ಒಂದಾದ ಮೇಲೊಂದು ಹೇಳುತ್ತ ಹೋದಳು. ಏನು ಹೇಳುತ್ತಿದ್ದಳೋ ಅದನ್ನೇ ಕೈ ಮಾಡಿತು. ಕತ್ತರಿಯನ್ನು ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ನಿನ್ನ ಕೈ ನಡುಗ್ತಿದೆ," ಎಂದ ಕೋಟು.

"ಹೌದು."

"ಯಾಕೆ?"

ಸುಳ್ಳು ಕಟ್ಟುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. "ನಿನ್ನ ನೋಡಿ ಹೆದರಿಕೆ ಆಗ್ತಿದೆ."

ಅವನು ಕತ್ತರಿಯನ್ನೂ ಅವಳ ಕೈಯನ್ನೂ ನೋಡಿದ. ಆಮೇಲೆ, "ನನಗೂ ಆಗುತ್ತೆ," ಎಂದ. "ನನ್ನ ನೋಡಿದರೆ ನನಗೂ ಆಗುತ್ತೆ. ಕನ್ನಡಿ ತೆಗೆಸಿಬಿಟ್ಟೆ."

ನಿಜ, ಗೋಡೆಯ ಮೇಲೆ ಕನ್ನಡಿ ಇದ್ದ ಜಾಗದಲ್ಲಿ ಬಣ್ಣ ಮಾಸದ ಒಂದು ಚೌಕ ಮಾತ್ರ ಇತ್ತು. ಅವನು ಕತ್ತರಿಯನ್ನು ಕೆಳಗಿಡಲಿಲ್ಲ, ಆದರೆ ಕೈ ಇಳಿಸಿದ. ಗುಬ್ಬಕ್ಕನ ತೋಳು ಸೋತು ಬಿಟ್ಟುಹೋಗುವಂತಿತ್ತು.

"ತಮ್ಮಾ, ಆ ಕಡೆಯಿಂದ ಅಪ್ಪನ ಭುಜ ಹಿಡ್ಕೋತೀಯಾ? ನನ್ನ ಕೈಲಿ ಆಗ್ತಿಲ್ಲ."

ಅವನು ಹಿಡಿದುಕೊಂಡ. ಒಂದೇ ಕೈ ಸಾಕಾಯಿತು ಅವನಿಗೆ. ಇನ್ನೊಂದರಲ್ಲಿ ಕತ್ತರಿ ಹಾಗೇ ಇತ್ತು.

"ಇಬ್ಬರೂ ಸೇರ್ಕೊಂಡು ಬಟ್ಟೆ ಹಿಂಡಿದ ಹಾಗೆ ಹಿಂಡ್ತಿದ್ದೀರಿ ನನ್ನ," ಎಂದು ಮುದುಕ ಗೊಣಗಿದ.

ಕೆಲಸ ಮುಗಿಯಿತು. ಹೊಸ ಹಾಸಿನ ಮೇಲೆ ಮುದುಕ ಕಣ್ಣು ಮುಚ್ಚಿದ. ಗುಬ್ಬಕ್ಕ ಚೀಲ ಎತ್ತಿಕೊಂಡು ಬಾಗಿಲ ಬಳಿ ಬಂದು ನಿಂತಳು. ಕೋಟು ಜೇಬಿಗೆ ಕೈಹಾಕಲಿಲ್ಲ.

"ಮತ್ತೆ ಬರ್ತೀಯಾ?"

"ಬರ್ತೀನಿ."

"ಆಣೆಗೂ?"

"ಖಂಡಿತ ಬರ್ತೀನಪ್ಪ. ಬಾಗಿಲು ತೆಗಿ."

ಅದು ಶುದ್ಧ ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದಳು. ಬೀಗ ತೆರೆದದ್ದೇ ಮೆಟ್ಟಿಲಿಳಿದು ಬೀದಿಗೆ ಬಂದು, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತುಬಿಟ್ಟಳು. ಕತ್ತರಿ ಅಲ್ಲೇ ಉಳಿದದ್ದು ನೆನಪಾದದ್ದು ಮನೆಗೆ ಬಂದ ಮೇಲೆ.

ಅಕ್ಕ ಎಲ್ಲವನ್ನೂ ಕೇಳಿ ಕೆಂಡವಾದಳು. "ಇನ್ನೊಂದು ಸಲ ಆ ಕಡೆ ಮುಖ ಮಾಡು, ಕಾಲು ಮುರೀತೀನಿ. ಸೇವೆಯಂತೆ ಸೇವೆ! ದೇವರು ನಿನಗೆ ಜೀವ ಕೊಟ್ಟಿರೋದು ಹುಚ್ಚನ ಕೈಗೆ ಕೊಡೋಕಲ್ಲ."

"ಹೋಗಲ್ಲ," ಎಂದಳು ಗುಬ್ಬಕ್ಕ. ಹಾಗೆಂದಾಗ ಎಷ್ಟೋ ಹಗುರವಾಯಿತು.

ಆ ವಾರ ಅವಳು ಹೊಲಿದ ಪರದೆಗಳಿಗೆ ಲೆಕ್ಕವಿಲ್ಲ. ಮೆಷಿನ್ನಿನ ಪಕ್ಕದಲ್ಲಿದ್ದ ಕತ್ತರಿಯನ್ನು ಮಾತ್ರ ಬಟ್ಟೆಯಡಿ ಮುಚ್ಚಿಡುತ್ತಿದ್ದಳು. ವಾರದ ನಡುವೆ ಒಂದು ಸಂಜೆ, ಇನ್ನು ನನ್ನ ಕೈಲಾಗದು ಎಂದು ಹೇಳಿ ಚೀಲ ಒಪ್ಪಿಸಿಬರಲು ದೊಡ್ಡಮ್ಮನ ಬಳಿಗೆ ಹೋದಳು. ದೊಡ್ಡಮ್ಮ ಬಾಯಿ ತೆರೆಯಲು ಬಿಟ್ಟರೆ ತಾನೆ?

"ಹುಣ್ಣು ಹೇಗಿತ್ತು? ಕೆಂಪಗಿತ್ತಾ, ಹಳದಿಯಾ?"

"ಕೆಂಪಗೆ. ದೊಡ್ಡಮ್ಮಾ, ನಾನು—"

"ಕೆಂಪಗಿದ್ದರೆ ಒಳ್ಳೇದು ಕಣೇ! ಅಂಚು? ಒಣಗಿತ್ತಾ? ವಾಸನೆ ಇರಲಿಲ್ಲ ತಾನೆ?" ಎಂದು ಆ ಮುದುಕಿ ಹಬ್ಬದೂಟದ ವಿವರ ಕೇಳುವವಳಂತೆ ಕಣ್ಣರಳಿಸಿ ಕೇಳಿದಳು. ಕೇಳಿ ಮುಗಿದಾಗ ದಿಂಬಿಗೊರಗಿ, "ನಿನಗೆ ಕೈ ಬಂದಿದೆ," ಎಂದಳು. "ನಾನು ನಿಶ್ಚಿಂತೆಯಿಂದ ಮಲಗ್ತೀನಿ ಹೋಗು."

ಚೀಲ ಗುಬ್ಬಕ್ಕನ ಜೊತೆಗೇ ವಾಪಸು ಬಂತು.

ಭಾನುವಾರ ಅವಳು ಚೀಲವನ್ನು ಮನೆಯಲ್ಲೇ ಬಿಟ್ಟು ಚರ್ಚಿಗೆ ಹೋದಳು. ಆರಾಧನೆ ಮುಗಿದದ್ದೇ ಪಕ್ಕದ ಬಾಗಿಲಿಂದ ಮನೆಗೆ ಹೋಗುವುದೆಂದು ತೀರ್ಮಾನಿಸಿದ್ದಳು. ಹಾಡಿದಳು. ಖಂಡಿತ ಬರ್ತೀನಪ್ಪ ಎಂದು ಅವಳೇ ಹೇಳಿದ ಮಾತು ಪ್ರತಿ ಚರಣದ ಮಧ್ಯೆ ನುಸುಳುತ್ತಿತ್ತು. ಅಯ್ಯನವರು ಪ್ರಸಂಗ ಶುರುಮಾಡಿದ್ದರು. ನೆರೆಯವನ ಬಗ್ಗೆಯೇ ಏನೋ ಹೇಳುತ್ತಿದ್ದರು.

ಹಿಂದಿನ ಬಾಗಿಲು ಧಡಾರನೆ ಗೋಡೆಗೆ ಬಡಿಯಿತು.

ಗುಬ್ಬಕ್ಕ ತಿರುಗಿ ನೋಡಬೇಕಾಗಿರಲಿಲ್ಲ. ಹಿಂದಿನ ಸಾಲುಗಳಲ್ಲಿ ಎದ್ದ ಉದ್ಗಾರದಿಂದಲೇ ತಿಳಿಯಿತು. ಆದರೂ ತಿರುಗಿದಳು. ಕೋಟು ನಡುದಾರಿಯಲ್ಲಿ ಬರುತ್ತಿದ್ದ. ಒಂದೊಂದು ಸಾಲನ್ನೂ ಇಣುಕಿ, ಒಂದೊಂದು ಮುಖವನ್ನೂ ನೋಡುತ್ತ ಬರುತ್ತಿದ್ದ. ಬಲಗೈಯಲ್ಲಿ ಕತ್ತರಿ.

ಒಬ್ಬ ತಾಯಿ ಮಗುವನ್ನು ಬೆಂಚಿನಡಿ ತಳ್ಳಿದಳು. ಯಾರೋ ಪೊಲೀಸ್, ಪೊಲೀಸ್ ಎಂದು ಪಿಸುಗುಟ್ಟಿದರು. ಕಾಣಿಕೆ ತಟ್ಟೆ ಹಿಡಿಯುವ ಇಬ್ಬರು ಗಂಡಸರು ಎದ್ದವರು ಅಲ್ಲೇ ನಿಂತರು. ಅಯ್ಯನವರ ಮಾತು ಅರ್ಧಕ್ಕೆ ನಿಂತಿತ್ತು. ಎರಡೂ ಕೈಗಳಿಂದ ಪ್ರಸಂಗಪೀಠವನ್ನು ಹಿಡಿದುಕೊಂಡಿದ್ದರು. ಅಕ್ಕ ಗುಬ್ಬಕ್ಕನ ಕತ್ತನ್ನು ಹಿಡಿದು ಬಗ್ಗಿಸಿದಳು. "ಕೆಳಗೆ ಕೂತ್ಕೋ. ಉಸಿರೆತ್ತಬೇಡ."

ಅವನ ಬೂಟಿನ ಸದ್ದು ಅವರ ಸಾಲಿನ ಬಳಿ ನಿಂತಿತು.

"ನೀರು ಕಾಯಿಸಿಟ್ಟಿದ್ದೀನಿ," ಎಂದ ಕೋಟು. "ಆರಿಹೋಗುತ್ತೆ. ನೀನು ಬರಲೇ ಇಲ್ಲ." ಕತ್ತರಿಯನ್ನು ಹಿಡಿಕೆಯ ಕಡೆಯಿಂದ ಅವಳತ್ತ ಚಾಚಿದ. "ಇದನ್ನ ಬಿಟ್ಟು ಹೋಗಿದ್ದೆ."

ಪಾಪ, ಅವನಿಗೆ ಹೊತ್ತಿನ ಅಂದಾಜಿಲ್ಲ. ಬೆಳಗಾದದ್ದೇ ಭಾನುವಾರವೆಂದು ಒಲೆಗೆ ನೀರಿಟ್ಟು ಕಾದಿದ್ದಾನೆ. ಅವಳು ಬರುವುದಿಲ್ಲವೆಂದು ತೀರ್ಮಾನಿಸಿದ್ದು ಅವನಿಗೆ ಗೊತ್ತೇ ಇಲ್ಲ. ಗುಬ್ಬಕ್ಕನ ಮುಖಕ್ಕೆ ರಕ್ತ ನುಗ್ಗಿತು, ಮರುಗಳಿಗೆಯೇ ಇಳಿದುಹೋಯಿತು. ನೀರು ಕಾಯಿಸಿದ್ದಾನೆ!

"ಒಲೆ ಆರಿಸಿದ್ಯಾ?"

ಅವನು ಕತ್ತರಿಯನ್ನು ಇನ್ನಷ್ಟು ಮುಂದಕ್ಕೆ ಚಾಚಿದ.

"ತಮ್ಮಾ, ಒಲೆ ಆರಿಸಿ ಬಂದ್ಯಾ?"

"ಬೀಗ ಹಾಕಿ ಬಂದೆ," ಎಂದ ಅವನು. "ಯಾರೂ ಅಪ್ಪನ್ನ ಕರ್ಕೊಂಡು ಹೋಗಬಾರದು."

ಉರಿಯುವ ಒಲೆ. ಬೀಗ ಹಾಕಿದ ಬಾಗಿಲು. ಒಳಗೆ ಮಗ್ಗುಲು ತಿರುಗಲಾಗದ ಮನುಷ್ಯ. ಅಕ್ಕ ಅವಳ ಸೆರಗು ಹಿಡಿದೆಳೆದಳು. ಗುಬ್ಬಕ್ಕ ಹೇಗೆ ಬಿಡಿಸಿಕೊಂಡಳೋ, ಬೆಂಚು ದಾಟಿ ಹೊರಬಂದಳು. ಕತ್ತರಿ ತೆಗೆದುಕೊಂಡು ಬೆಂಚಿನ ಮೇಲಿಟ್ಟಳು. "ಬಾ ಬೇಗ!" ಎಂದು ಅವನ ಕೋಟಿನ ತೋಳು ಹಿಡಿದಳು. ಜನ್ಮದಲ್ಲಿ ಅವಳು ಹಾಗೆ ಯಾರನ್ನೂ ಎಳೆದವಳಲ್ಲ.

ಇಬ್ಬರೂ ಓಡಿದರು. ನಾಯಿಗಳು ಬೊಗಳುತ್ತ ಬೆನ್ನಟ್ಟಿದವು, ಅವಳಿಗೆ ಕೇಳಿಸಲಿಲ್ಲ. ಎರಡನೆಯ ಮಹಡಿ ಮುಟ್ಟುವಾಗಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮೂರನೆಯದರಲ್ಲಿ ಬಾಗಿಲ ಸಂದಿಯಿಂದ ಬೂದುಬಣ್ಣದ ಹೊಗೆ ಎಳೆಎಳೆಯಾಗಿ ಬರುತ್ತಿತ್ತು. ಎದುರುಮನೆಯ ಹೆಂಗಸು ಸರಪಳಿ ಬಿಚ್ಚಿ ಹೊರಗೇ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು. "ಫೋನ್ ಮಾಡಿದ್ದೀನಿ! ಎಷ್ಟು ತಟ್ಟಿದರೂ ತೆಗೀತಿಲ್ಲ!"

ಹೊಗೆ ಕಂಡದ್ದೇ ಕೋಟು ಮೆಟ್ಟಿಲ ಮೇಲೆ ಕುಸಿದು ಕೂತ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗತೊಡಗಿದ.

"ಕೀ ಕೊಡು!"

ಅವನಿಗೆ ಕೇಳಿಸುತ್ತಿರಲಿಲ್ಲ. ಗುಬ್ಬಕ್ಕ ಅವನ ಮುಂದೆ ಕುಕ್ಕರಿಸಿದಳು, ಅವನ ಕಣ್ಣಿಗೆ ಬೀಳುವಂತೆ. "ನಾನು ನಿನ್ನ ಜೇಬಿಗೆ ಕೈ ಹಾಕ್ತೀನಿ. ಈಗ ಹಾಕಿದೆ. ಕೀ ತಗೋತಿದ್ದೀನಿ. ಬಾಗಿಲು ತೆಗೆದು ಒಲೆ ಆರಿಸ್ತೀನಿ. ಅಪ್ಪನ್ನ ಎಲ್ಲಿಗೂ ಕಳಿಸಲ್ಲ." ಅವನು ಯಾವ ಕ್ಷಣದಲ್ಲಾದರೂ ತನ್ನ ಕತ್ತು ಹಿಡಿಯಬಹುದೆಂದು ಅವಳ ಮೈಯ ಪ್ರತಿ ಕೂದಲೂ ಹೇಳುತ್ತಿತ್ತು. ಅವನು ಹಿಡಿಯಲಿಲ್ಲ.

ಕೀ ಎರಡು ಸಲ ತಪ್ಪಿ ಮೂರನೆಯ ಸಲ ಕೂಡಿತು. ಒಳಗೆ ಹೊಗೆ ಕಣ್ಣಿಗೆ ಖಾರದಂತೆ ತಾಗಿತು. ಮುಖಕ್ಕೆ ಸೆರಗು ಒತ್ತಿಕೊಂಡು ಗೋಡೆ ಸವರುತ್ತ ಅಡುಗೆಮನೆಗೆ ಹೋದಳು. ನೀರೆಲ್ಲ ಬತ್ತಿ ಪಾತ್ರೆ ಕೆಂಪಗೆ ಕಾದಿತ್ತು. ಒಲೆಯ ಪಕ್ಕ ಒಣಗಲು ಹಾಕಿದ್ದ ಬಟ್ಟೆಯೊಂದು ಹೊತ್ತಿ, ಉರಿ ಗೋಡೆಯ ಕಪಾಟಿನ ಅಂಚನ್ನು ನೆಕ್ಕುತ್ತಿತ್ತು. ಹಿಂದಿರುಗಿ ಓಡಿಬಿಡು ಎಂದಿತು ಅವಳ ಇಡೀ ಮೈ. ಗ್ಯಾಸಿನ ಕಿವಿ ತಿರುಗಿಸಲು ಹೋದಾಗ ಪಾತ್ರೆಗೆ ತಾಗಿ ಕೈ ಸುಟ್ಟಿತು. ತಿರುಗಿಸಿದಳು. ಉರಿಯುವ ಬಟ್ಟೆಯನ್ನು ಇಕ್ಕಳದಲ್ಲಿ ಎಳೆದು ತೊಟ್ಟಿಗೆ ಹಾಕಿ ನಲ್ಲಿ ಬಿಟ್ಟಳು, ಚೊಂಬಿನಿಂದ ಕಪಾಟಿಗೆ ನೀರೆರಚಿದಳು. ಎರಚುತ್ತಲೇ ಇದ್ದಳು, ಆರಿದ ಮೇಲೂ.

ಒಳಕೋಣೆಯಲ್ಲಿ ಮುದುಕನ ಕೆಮ್ಮು. ಕಿಟಕಿಯ ಚಿಲಕ ಬಡಿದು ಬಡಿದು ತೆರೆದಳು. ಅವನ ಮುಖ ನೀಲಿಗಟ್ಟಿತ್ತು. ಕಣ್ಣಿಂದ ನೀರು ಧಾರಾಕಾರ. ತಲೆ ಎತ್ತಿ ಕೂರಿಸಿ ಎದೆಗಾನಿಸಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಅವನಿಗೆ ಮಾತು ಬಂತು.

"ನನಗೆ ಸ್ನಾನ ಮಾಡಿಸು ಅಂದರೆ ಬೇಯಿಸೋಕೆ ಹೊರಟನಲ್ಲ!" ಎಂದ. ಆಮೇಲೆ ಮಗುವಿನಂತೆ ಅತ್ತ.

ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದಾಯಿತು. ಮೊದಲು ಏದುಸಿರು ಬಿಡುತ್ತ ಬಂದವಳು ಅಕ್ಕ, ಅವಳ ಹಿಂದೆ ನಿಲುವಂಗಿ ಎತ್ತಿ ಹಿಡಿದುಕೊಂಡು ಪಾಸ್ಟರ್ ಅಯ್ಯನವರು. ಅಕ್ಕ ಬಂದವಳೇ ತಂಗಿಯ ಸುಟ್ಟ ಅಂಗೈಯನ್ನು ನಲ್ಲಿಯ ಕೆಳಗೆ ಹಿಡಿದು, ಒಂದೂ ಮಾತಾಡದೆ ನಿಂತಳು. ಅಕ್ಕ ಮಾತಾಡದೆ ನಿಂತದ್ದನ್ನು ಗುಬ್ಬಕ್ಕ ಅದೇ ಮೊದಲು ಕಂಡದ್ದು. ಅಗ್ನಿಶಾಮಕದವರು ಬಂದರು, ಕಪಾಟನ್ನು ಒಡೆದು ನೋಡಿ, ಇನ್ನು ಭಯವಿಲ್ಲವೆಂದು ಹೋದರು. ಸಮವಸ್ತ್ರ ಕಂಡು ಕೋಟು ಮೆಟ್ಟಿಲ ಮೂಲೆಯಲ್ಲಿ ಇನ್ನಷ್ಟು ಮುದುಡಿದ. ಅಯ್ಯನವರು ಅವನಿಂದ ಸ್ವಲ್ಪ ದೂರದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತರು.

ಎಲ್ಲ ತಣ್ಣಗಾದ ಮೇಲೆ ಅವರು ಒಳಗೆ ಬಂದು ಗುಬ್ಬಕ್ಕನ ಮುಂದೆ ನಿಂತರು. "ಗುಬ್ಬಮ್ಮ, ನಾನು ಈ ಮೆಟ್ಟಿಲು ಹತ್ತಿದ್ದು ಇವತ್ತೇ ಮೊದಲು," ಎಂದರು. "ಪ್ರತಿ ಸಲ ಏನಾದರೊಂದು ಕೆಲಸ ಇದೆ ಅಂತ ದೊಡ್ಡಮ್ಮನ್ನ ಒಬ್ಬರನ್ನೇ ಕಳಿಸಿದೆ. ಕೆಲಸ ಏನಿರಲಿಲ್ಲ. ಧೈರ್ಯ ಇರಲಿಲ್ಲ."

"ಅಯ್ಯಾ, ಅವತ್ತು ನಾನು ಪರದೆ ಸರಿಮಾಡೋಕೆ ಎದ್ದಿದ್ದು," ಎಂದುಬಿಟ್ಟಳು.

ಅಯ್ಯನವರು ಅವಳನ್ನೇ ನೋಡಿದರು. ನಿಲುವಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ತೋಳು ಮಡಿಚಿದರು. "ನಿಮ್ಮ ಕೈ ಸುಟ್ಟಿದೆ. ಏನು ಮಾಡಬೇಕು ಅಂತ ಹೇಳಿ, ನಾನು ಮಾಡ್ತೀನಿ."

ಅಕ್ಕ ಬೇರೊಂದು ಪಾತ್ರೆಯಲ್ಲಿ ನೀರಿಟ್ಟು, ಒಲೆಯ ಮುಂದಿಂದ ಅಲುಗದೆ ನಿಂತಳು. ಗುಬ್ಬಕ್ಕ ಹೇಳಿದಳು, ಅಯ್ಯನವರು ಮಸಿ ಹಿಡಿದ ಮುದುಕನ ಮುಖ ಒರೆಸಿದರು. ಬೆನ್ನಿನ ಸರದಿ ಬಂದಾಗ ಕೋಟು ತಾನಾಗಿ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಅಪ್ಪನ ಭುಜ ಹಿಡಿದುಕೊಂಡ. ಗುಬ್ಬಕ್ಕನಿಗೆ ಸರಿದುನಿಲ್ಲಬೇಕೆನ್ನಿಸಿತು, ಸರಿಯಲಿಲ್ಲ.

"ಅಯ್ಯಾ," ಎಂದಳು ಅಕ್ಕ ಒಲೆಯ ಬಳಿಯಿಂದ, "ಜನ ಅಲ್ಲೇ ಕೂತಿರಬೇಕು. ಆಶೀರ್ವಾದ ಹೇಳದೇ ಬಂದುಬಿಟ್ರಿ. ಆರಾಧನೆ ಮುಗಿಸಲೇ ಇಲ್ಲ."

ಅಯ್ಯನವರು ಬಟ್ಟೆಯನ್ನು ಬೋಗುಣಿಯಲ್ಲಿ ಅದ್ದಿ ಹಿಂಡಿದರು. "ಇನ್ನೂ ನಡೀತಿದೆಯಲ್ಲಮ್ಮ," ಎಂದರು. "ಬೆನ್ನು ಬಾಕಿ ಇದೆ."

ಬೆನ್ನು ಮುಗಿದ ಮೇಲೆ, ಒದ್ದೆ ಕೈ ಎತ್ತಿ, ಸುಟ್ಟ ವಾಸನೆಯ ಆ ಕೋಣೆಯಲ್ಲಿ ಅವರು ಆಶೀರ್ವಾದ ಹೇಳಿದರು. ಮುದುಕ ಅರ್ಧ ಬಾಯಲ್ಲಿ ಆಮೆನ್ ಎಂದ.

ಆಮೇಲೆ ಎಲ್ಲವೂ ಸುಸೂತ್ರವಾಯಿತೆಂದು ಹೇಳುವಂತಿಲ್ಲ. ಸಭೆಯಿಂದ ಕೆಲವರು ಸರದಿಯಲ್ಲಿ ಬರತೊಡಗಿದರು, ಕೆಲವರು ಒಂದೇ ಸಲಕ್ಕೆ ನಿಂತರು. ಕೋಟಿಗೆ ಕೆಟ್ಟ ದಿನಗಳಿದ್ದವು; ಒಮ್ಮೆ ಗುಬ್ಬಕ್ಕನನ್ನು ತಳ್ಳಿದಾಗ ಅವಳ ಹುಬ್ಬು ಒಡೆಯಿತು. ಆ ವಾರ ಅವಳು ಹೋಗಲಿಲ್ಲ, ಅಕ್ಕ ಹೋದಳು. ಮುಂದಿನ ವಾರ ಇಬ್ಬರೂ ಹೋದರು. ಚಳಿಗಾಲ ಬರುವಾಗ ಮುದುಕ ನಿದ್ದೆಯಲ್ಲೇ ತೀರಿಕೊಂಡ. ಯಾರೂ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಾಗಲಿಲ್ಲ. ಅವನ ಹಾಸಿಗೆಯಲ್ಲೇ, ಮಗನ ಕೈ ಅವನ ಭುಜದ ಮೇಲಿರುವಾಗಲೇ ಉಸಿರು ನಿಂತಿತು.

ಅದಾದ ಮೇಲೆ ಚಿಕಿತ್ಸೆಗೆ ಹೋಗುವುದಕ್ಕೆ ಕೋಟು ಒಪ್ಪಿದ. ಹಿಂದೆ ಪೊಲೀಸರು ಎಳೆದೊಯ್ದಿದ್ದ ಆಸ್ಪತ್ರೆಯೇ ಅದು. ಈ ಸಲ ನಡೆದುಕೊಂಡು ಹೋದ, ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ಗುಬ್ಬಕ್ಕ. ದಾರಿಯುದ್ದಕ್ಕೂ ಅವನು ಅವಳ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ. ತಟ್ಟನೆ ರಸ್ತೆಗೆ ನುಗ್ಗಿದರೆ, ಹೊಡೆದರೆ, ಓಡಿದರೆ ಎಂದು ಅವಳು ಹೆಜ್ಜೆಹೆಜ್ಜೆಗೂ ಹೆದರುತ್ತಲೇ ನಡೆದಳು. ಆಸ್ಪತ್ರೆಯ ಕಬ್ಬಿಣದ ಗೇಟಿನಾಚೆ ಮೇಜಿನ ಹಿಂದೆ ಕೂತಿದ್ದ ನರ್ಸು ತಲೆಯೆತ್ತದೆ ಕೇಳಿದಳು, "ರೋಗಿಗೆ ನೀವು ಏನಾಗಬೇಕು?"

ಗುಬ್ಬಕ್ಕ ಅಕ್ಕನ ಮುಖ ನೋಡಿದಳು. ಏನಾಗಬೇಕು? ಏನೂ ಆಗಬೇಕಾಗಿರಲಿಲ್ಲ.

"ಚಿಕ್ಕಮ್ಮ," ಎಂದ ಕೋಟು, ತನ್ನ ತೆಳ್ಳನೆಯ ದನಿಯಲ್ಲಿ.

"ಹಾಗಾದರೆ ನಾನು ದೊಡ್ಡಮ್ಮ," ಎಂದಳು ಅಕ್ಕ. "ಬರ್ಕೊಳ್ಳಿ. ಪ್ರತಿ ಭಾನುವಾರ ಬರ್ತೀವಿ, ಗೇಟು ಕಾಯೋರಿಗೆ ಈಗಲೇ ಹೇಳಿಡಿ."